ಬಿಳಿಸೆರಗು: ಯಾವುದು ಸಹಜ, ಯಾವಾಗ ವೈದ್ಯರ ಬಳಿ ಹೋಗಬೇಕು



ಇವತ್ತಿನ ನನ್ನ ಮಾತು ಯೋನಿಯ ಆರೋಗ್ಯದ ಬಗ್ಗೆ. ಪಕ್ಕದಲ್ಲಿ ಮಾವನವರು ಕೂತಿದ್ದಾರೆ, ಮಗ ಓದುತ್ತಿದ್ದಾನೆ ಎಂದು ದಯವಿಟ್ಟು ರೇಡಿಯೊ ಆರಿಸಬೇಡಿ. ಅವರೂ ಕೇಳಲಿ. ಕೆಮ್ಮು, ಕಣ್ಣುರಿ, ಮಂಡಿನೋವುಗಳನ್ನು ಎಲ್ಲರೆದುರು ಹೇಳಿಕೊಳ್ಳುವ ನಾವು ಇದೊಂದು ವಿಷಯ ಬಂದಾಗ ಮಾತ್ರ ದನಿ ತಗ್ಗಿಸುತ್ತೇವೆ. ಆ ಸಂಕೋಚದ ಬೆಲೆ ದೊಡ್ಡದು. ಒಂದು ವಾರದ ಔಷಧಕ್ಕೆ ವಾಸಿಯಾಗಬೇಕಾದ ಸೋಂಕು ವರ್ಷಗಟ್ಟಲೆ ಕಾಡುತ್ತದೆ. ಆರಂಭದಲ್ಲೇ ಸಿಕ್ಕಬೇಕಾದ ಕ್ಯಾನ್ಸರ್ ಕೊನೆಯ ಹಂತದಲ್ಲಿ ಸಿಗುತ್ತದೆ.

ನಾನು ವೈದ್ಯೆಯಾಗಿ ಕೆಲಸ ಮಾಡುವುದು ಬೆಂಗಳೂರಿನ ನಾಗರಬಾವಿಯಲ್ಲಿ. ಹಳೆಯ ಊರಿನ ಮನೆತನದವರು, ಬಿಡಿಎ ಬಡಾವಣೆಯ ಸಂಸಾರಸ್ಥರು, ಜ್ಞಾನಭಾರತಿಯಲ್ಲಿ ಓದಲು ಬಂದು ಪಿಜಿಗಳಲ್ಲಿ ಇರುವ ಹುಡುಗಿಯರು, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಗೆಲಸದವರು, ಪೌರಕಾರ್ಮಿಕರು, ಇಷ್ಟೂ ಬಗೆಯ ಹೆಣ್ಣುಮಕ್ಕಳು ಇಲ್ಲಿದ್ದಾರೆ. ಬದುಕು ಬೇರೆಬೇರೆ, ದೂರು ಮಾತ್ರ ಹೆಚ್ಚುಕಡಿಮೆ ಒಂದೇ. "ಬಿಳಿ ಹೋಗ್ತಾ ಇದೆ ಡಾಕ್ಟ್ರೇ, ಉಷ್ಣ ಅಂತ ಎಳನೀರು ಕುಡಿದೆ, ಮೆಂತ್ಯ ನೆನೆಸಿ ಕುಡಿದೆ, ಕಡಿಮೆ ಆಗ್ಲಿಲ್ಲ" ಎನ್ನುತ್ತಾರೆ. ಎಷ್ಟು ದಿನವಾಯಿತಮ್ಮಾ ಎಂದು ಕೇಳಿದರೆ ತಿಂಗಳುಗಳ ಲೆಕ್ಕ ಬರುತ್ತದೆ, ಕೆಲವರಿಂದ ವರ್ಷಗಳ ಲೆಕ್ಕ.

ಇದು ನಾಗರಬಾವಿಯೊಂದರ ಕಥೆಯಲ್ಲ. 1998–99ರ ಎರಡನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 39 ಮಂದಿ ಇಂಥ ಒಂದಲ್ಲ ಒಂದು ತೊಂದರೆ ಇದೆ ಎಂದರು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಯಾರ ಬಳಿಯೂ ಸಲಹೆ ಕೇಳಿರಲಿಲ್ಲ. ನಮ್ಮ ಕರ್ನಾಟಕದಲ್ಲೇ ಜಗದೀಶ್ ಭಾಟಿಯಾ ಮತ್ತು ಜಾನ್ ಕ್ಲೆಲೆಂಡ್ ಇತ್ತೀಚೆಗೆ ಹೆತ್ತ 3,600 ತಾಯಂದಿರನ್ನು ಮಾತನಾಡಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಬ್ಬರು ಸುಸ್ತು, ಮುಟ್ಟಿನ ತೊಂದರೆ, ಬಿಳಿಸೆರಗು, ಕಿಬ್ಬೊಟ್ಟೆ ನೋವು ಇವುಗಳಲ್ಲಿ ಯಾವುದಾದರೂ ಒಂದನ್ನು ಅನುಭವಿಸುತ್ತಿದ್ದರು.

ಮೊದಲು ಸಹಜವಾದದ್ದು ಯಾವುದೆಂದು ತಿಳಿಯೋಣ. ಯೋನಿ ಯಾವಾಗಲೂ ಸ್ವಲ್ಪ ಒದ್ದೆಯಾಗಿರುವ ಜಾಗ. ಅಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಅವು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಯೋನಿಯ ಒಳಗನ್ನು ಹುಳಿಯಾಗಿ ಇಡುತ್ತವೆ. ಆ ಹುಳಿಯಲ್ಲಿ ಕೆಟ್ಟ ರೋಗಾಣುಗಳು ಬೆಳೆಯಲಾರವು. ಹೀಗಾಗಿ ಬಣ್ಣವಿಲ್ಲದ ಅಥವಾ ಹಾಲುಬಿಳುಪಿನ, ಕೆಟ್ಟ ವಾಸನೆಯಿಲ್ಲದ, ತುರಿಕೆ ತಾರದ ಸ್ರಾವ ಆರೋಗ್ಯದ ಗುರುತೇ. ಮುಟ್ಟಾದ ಎರಡು ವಾರದ ಆಸುಪಾಸಿನಲ್ಲಿ, ಅಂಡ ಬಿಡುಗಡೆಯಾಗುವ ಹೊತ್ತಿಗೆ, ಅದು ಹೆಚ್ಚಾಗಿ ಲೋಳೆಯಂತೆ ಎಳೆ ಬರುತ್ತದೆ. ಬಸುರಿಯಲ್ಲಿ ಹೆಚ್ಚುತ್ತದೆ. ಹುಡುಗಿ ಮೈನೆರೆಯುವ ಕೆಲವು ತಿಂಗಳ ಮೊದಲೂ ಕಾಣಿಸಿಕೊಳ್ಳುತ್ತದೆ. ಇದಾವುದಕ್ಕೂ ಔಷಧ ಬೇಕಿಲ್ಲ.

"ಆದರೆ ನನಗೆ ಸುಸ್ತು, ಬೆನ್ನುನೋವು, ಇದರಿಂದಲೇ ಮೈಯ ಸತ್ವ ಇಳಿದುಹೋಗುತ್ತಿದೆ" ಎನ್ನುವವರು ಬಹಳ ಮಂದಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರಾದ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಲೇಖನದ ವಿಷಯ ಇದೇ: ರೋಗವಲ್ಲದ ಸಹಜ ಸ್ರಾವವನ್ನೇ ಮೈಕೈ ನೋವಿಗೆ, ನಿಶ್ಶಕ್ತಿಗೆ ಕಾರಣವೆಂದು ತಿಳಿಯುವ ಮಹಿಳೆಯರು. ಸ್ರಾವದಿಂದ ಶಕ್ತಿ ಸೋರುವುದಿಲ್ಲ. ಹಾಗೆಂದು ಆ ಸುಸ್ತು ಸುಳ್ಳಲ್ಲ. ಅದರ ಕಾರಣ ಬೇರೆ ಕಡೆ ಇರುತ್ತದೆ. ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಥೈರಾಯ್ಡ್ ತೊಂದರೆ ಇರಬಹುದು, ನಿದ್ರೆಗೇಡು ಇರಬಹುದು, ಮನೆಯ ಚಿಂತೆ ಇರಬಹುದು. ಆದ್ದರಿಂದ ಸುಸ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮನಸ್ಸಿನ ಭಾರ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಈಗ ಸಹಜವಲ್ಲದ ಲಕ್ಷಣಗಳಿಗೆ ಬರೋಣ. ಬಣ್ಣ, ವಾಸನೆ, ತುರಿಕೆ ಅಥವಾ ಉರಿ, ನೋವು, ರಕ್ತ, ಗಂಟು ಅಥವಾ ಹುಣ್ಣು, ಈ ಆರನ್ನು ಗಮನಿಸಿ. ನಿಮಗೆ ಎಂದಿನಂತೆ ಇದ್ದದ್ದು ಈಗ ಬದಲಾಗಿದೆಯೇ ಎಂಬುದೇ ಮುಖ್ಯ ಪ್ರಶ್ನೆ.

ತಡೆಯಲಾರದ ತುರಿಕೆ, ಒಡೆದ ಮೊಸರಿನಂಥ ಗಟ್ಟಿ ಬಿಳಿ ಸ್ರಾವ, ಕೆಂಪಾಗಿ ಊದಿದ ಚರ್ಮ, ಮೂತ್ರ ತಾಗಿದರೆ ಉರಿ, ಇವಿದ್ದರೆ ಬಹುಮಟ್ಟಿಗೆ ಅದು ಕ್ಯಾಂಡಿಡಾ ಎಂಬ ಫಂಗಸ್. ನಾಲ್ವರಲ್ಲಿ ಮೂವರು ಮಹಿಳೆಯರಿಗೆ ಬದುಕಿನಲ್ಲಿ ಒಮ್ಮೆಯಾದರೂ ಬರುವ ಸೋಂಕು ಇದು. ಬೇರೆ ಕಾಯಿಲೆಗೆ ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ, ಬಸುರಿಯಲ್ಲಿ, ಸಕ್ಕರೆ ಕಾಯಿಲೆಯಲ್ಲಿ ಹೆಚ್ಚು. ವರ್ಷದಲ್ಲಿ ಮೂರು ನಾಲ್ಕು ಸಲ ಮರುಕಳಿಸಿದರೆ ಕಡ್ಡಾಯವಾಗಿ ಸಕ್ಕರೆ ಪರೀಕ್ಷೆ ಆಗಬೇಕು. ಎಷ್ಟೋ ಹೆಂಗಸರಿಗೆ ತಮಗೆ ಮಧುಮೇಹ ಇದೆಯೆಂದು ಗೊತ್ತಾಗುವುದೇ ಈ ತುರಿಕೆಯಿಂದ.

ತೆಳುವಾದ ಬೂದುಬಿಳುಪಿನ ಸ್ರಾವ, ಮೀನಿನಂಥ ವಾಸನೆ, ಗಂಡನ ಜೊತೆ ಸೇರಿದ ಮೇಲೆ ಆ ವಾಸನೆ ಇನ್ನೂ ಹೆಚ್ಚಾಗುವುದು, ತುರಿಕೆ ಅಷ್ಟಾಗಿ ಇಲ್ಲದಿರುವುದು, ಇದು ಬ್ಯಾಕ್ಟೀರಿಯಲ್ ವಜಿನೋಸಿಸ್. ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ ಬೇರೆಯವು ತುಂಬಿಕೊಂಡ ಸ್ಥಿತಿ. 2005–06ರಲ್ಲಿ ಮೈಸೂರಿನಲ್ಲಿ ಪೂರ್ಣಿಮಾ ಮಧಿವಾಣನ್ ಮತ್ತು ಸಂಗಡಿಗರು ಯುವತಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 19 ಮಂದಿಯಲ್ಲಿ ಇದು ಸಿಕ್ಕಿತು. ಬಸುರಿಯರಲ್ಲಿ ಇದು ದಿನ ತುಂಬದ ಹೆರಿಗೆಯ ಅಪಾಯವನ್ನು ಹೆಚ್ಚಿಸುತ್ತದೆ. ಚಿಕಿತ್ಸೆ ಸುಲಭ, ಆದರೆ ಮತ್ತೆಮತ್ತೆ ಬರುತ್ತದೆ. 2025ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಅಧ್ಯಯನವೊಂದು ಇದಕ್ಕೊಂದು ದಾರಿ ತೋರಿಸಿತು. ಹೆಂಡತಿಗೆ ಮಾತ್ರ ಔಷಧ ಕೊಟ್ಟಾಗ ಮೂರು ತಿಂಗಳೊಳಗೆ ನೂರಕ್ಕೆ 63 ಮಂದಿಗೆ ಮರುಕಳಿಸಿದ ತೊಂದರೆ, ಗಂಡನಿಗೂ ಕೊಟ್ಟಾಗ 35 ಮಂದಿಗೆ ಮಾತ್ರ ಮರುಕಳಿಸಿತು. ಪಕ್ಕದಲ್ಲಿ ಕೂತ ಗಂಡಸರೂ ಕೇಳಲಿ ಎಂದು ಮೊದಲೇ ಹೇಳಿದ್ದು ಈ ಕಾರಣಕ್ಕೆ.

ಹಳದಿ ಅಥವಾ ಹಸಿರು ಬಣ್ಣದ, ನೊರೆನೊರೆಯಾದ, ವಾಸನೆಯ ಸ್ರಾವ ಟ್ರೈಕೊಮೊನಾಸ್ ಎಂಬ ಪರಾವಲಂಬಿಯಿಂದ ಬರುತ್ತದೆ. ಇದು ಲೈಂಗಿಕ ಸಂಪರ್ಕದಿಂದ ಹರಡುವುದರಿಂದ ಇಬ್ಬರೂ ಒಟ್ಟಿಗೆ ಔಷಧ ತೆಗೆದುಕೊಳ್ಳಲೇಬೇಕು. ಗೊನೊರಿಯಾ, ಕ್ಲಮಿಡಿಯಾ ಇನ್ನೂ ಮೋಸದವು. ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸದೆ ಮೇಲಕ್ಕೇರಿ ಗರ್ಭನಾಳಗಳನ್ನು ಹಾಳುಮಾಡುತ್ತವೆ. ಮಕ್ಕಳಾಗದಿರಲು, ಗರ್ಭ ನಾಳದಲ್ಲೇ ನಿಲ್ಲಲು ಅವು ಕಾರಣವಾಗುತ್ತವೆ. ಹೊಸ ಸಂಗಾತಿಯಿದ್ದರೆ, ಸಂಗಾತಿಗೆ ಮೂತ್ರದಲ್ಲಿ ಉರಿಯೋ ಕೀವೋ ಇದ್ದರೆ, ನಿಮಗೆ ಏನೂ ಅನ್ನಿಸದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಿ.

ವಯಸ್ಸಾದ ತಾಯಂದಿರ ವಿಷಯ ಬೇರೆಯೇ. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಇಳಿದು ಯೋನಿಯ ಚರ್ಮ ತೆಳುವಾಗಿ ಒಣಗುತ್ತದೆ. ಉರಿ, ಒರಟು, ಪದೇಪದೇ ಮೂತ್ರದ ಸೋಂಕು ಬರುತ್ತವೆ. "ವಯಸ್ಸಾಯಿತು, ಇನ್ನೇನು" ಎಂದು ಸಹಿಸಿಕೊಳ್ಳುತ್ತಾರೆ. ಸಹಿಸಬೇಕಿಲ್ಲ, ವೈದ್ಯರು ಬರೆದುಕೊಡುವ ಈಸ್ಟ್ರೊಜನ್ ಮುಲಾಮಿನಿಂದ ಹಲವರಿಗೆ ನೆಮ್ಮದಿ ಸಿಗುತ್ತದೆ. ರಾತ್ರಿ ನಿದ್ದೆಗೆಡಿಸುವ ತುರಿಕೆಯ ಜೊತೆ ಚರ್ಮ ಬೆಳ್ಳಗೆ ಮಚ್ಚೆಮಚ್ಚೆಯಾಗಿದ್ದರೆ ಅದು ಫಂಗಸ್ ಅಲ್ಲದಿರಬಹುದು, ಕಣ್ಣಾರೆ ಪರೀಕ್ಷಿಸಿಯೇ ಹೇಳಬೇಕು. ಕೂತೆದ್ದಾಗ ಕೆಳಗೆ ಏನೋ ಜಾರಿಬಂದಂತೆ, ಭಾರವಾದಂತೆ ಅನ್ನಿಸಿದರೆ ಗರ್ಭಕೋಶ ಇಳಿದಿರಬಹುದು. ಅದಕ್ಕೂ ವ್ಯಾಯಾಮ, ಒಳಗಿಡುವ ಉಂಗುರ, ಶಸ್ತ್ರಚಿಕಿತ್ಸೆ ಹೀಗೆ ಹಂತಹಂತದ ಪರಿಹಾರಗಳಿವೆ.

ರಕ್ತದ ವಿಷಯವನ್ನು ಒತ್ತಿ ಹೇಳುತ್ತೇನೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ ಆ ವಾರವೇ ತೋರಿಸಿ. ಹೆದರಬೇಡಿ. ಹೀಗೆ ಬರುವ ಹತ್ತರಲ್ಲಿ ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಉಳಿದ ಒಬ್ಬರನ್ನು ಬೇಗ ಪತ್ತೆಹಚ್ಚುವುದಕ್ಕಾಗಿ ಹತ್ತೂ ಮಂದಿ ಬರಬೇಕು. ಸಂಭೋಗದ ನಂತರ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ರಕ್ತ ಬೆರೆತ ದುರ್ವಾಸನೆಯ ಸ್ರಾವ, ಇವು ಗರ್ಭಕಂಠದ ಕ್ಯಾನ್ಸರ್‌ನ ಲಕ್ಷಣಗಳೂ ಆಗಬಹುದು. ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ಇದೇ. ಇದು ಎಚ್‌ಪಿವಿ ವೈರಸ್ ಬಹುಕಾಲ ಉಳಿದುಕೊಂಡಾಗ, ಸಾಮಾನ್ಯವಾಗಿ 15–20 ವರ್ಷಗಳಲ್ಲಿ ನಿಧಾನವಾಗಿ ಬೆಳೆಯುವ ಕಾಯಿಲೆ. ಅಂದರೆ ತಡೆಯಲು ನಮಗೆ ಬೇಕಾದಷ್ಟು ಸಮಯ ಇದೆ. ಸರ್ಕಾರದ ಕಾರ್ಯಕ್ರಮದಂತೆ 30 ವರ್ಷ ದಾಟಿದ ಪ್ರತಿ ಮಹಿಳೆಯೂ 65ರವರೆಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ಒಂದು ನಿಮಿಷ ನೋಡುವ ಸರಳ ಪರೀಕ್ಷೆ ಅದು. ತರಬೇತಿ ಪಡೆದ ನರ್ಸ್ ಕೂಡ ಮಾಡಬಲ್ಲರು. ಹೆಣ್ಣುಮಕ್ಕಳಿಗೆ 9ರಿಂದ 14 ವರ್ಷದೊಳಗೆ ಎಚ್‌ಪಿವಿ ಲಸಿಕೆ ಹಾಕಿಸಿದರೆ ರಕ್ಷಣೆ ಚೆನ್ನಾಗಿ ಸಿಗುತ್ತದೆ. ನಮ್ಮ ದೇಶದಲ್ಲೇ ತಯಾರಾದ ಲಸಿಕೆಯೂ ಈಗ ಇದೆ.

ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಕಿಬ್ಬೊಟ್ಟೆಯಲ್ಲಿ ಜೋರು ನೋವಿನ ಜೊತೆ ಜ್ವರ, ವಾಂತಿ ಇದ್ದರೆ ಹೊರಡಿ. ಮುಟ್ಟು ತಪ್ಪಿ, ಒಂದು ಬದಿ ನೋವು, ತುಸು ರಕ್ತ, ತಲೆಸುತ್ತು ಬಂದರೆ ಗರ್ಭ ನಾಳದಲ್ಲಿ ನಿಂತು ಒಡೆದಿರಬಹುದು, ಅದು ಪ್ರಾಣಾಪಾಯ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಬಸುರಿಯಲ್ಲಿ ರಕ್ತ ಕಂಡರೆ ಅಥವಾ ನೀರು ಸೋರಿದರೆ, ಯೋನಿಯ ಬಾಯಲ್ಲಿ ಕೂರಲಾಗದಷ್ಟು ನೋಯುವ ಊತ ಎದ್ದರೆ, ಟ್ಯಾಂಪನ್ ಅಥವಾ ಮುಟ್ಟಿನ ಕಪ್ ಒಳಗಿದ್ದಾಗ ಜ್ವರ ಬಂದು ಮೈಮೇಲೆ ಕೆಂಪು ಗಂಧೆ ಎದ್ದರೆ, ತಡಮಾಡಬೇಡಿ. 108ಕ್ಕೆ ಕರೆ ಮಾಡಿ.

ಮೈನೆರೆಯುವ ವಯಸ್ಸಿನ ಸಮೀಪಕ್ಕೂ ಬಾರದ ಮಗುವಿಗೆ ಸ್ರಾವವೋ ರಕ್ತವೋ ಕಂಡರೆ ಬೈಯಬೇಡಿ, ಮುಚ್ಚಿಡಬೇಡಿ, ವೈದ್ಯರಿಗೆ ತೋರಿಸಿ. ಏನಾದರೂ ಸಣ್ಣ ವಸ್ತು ಒಳಗೆ ಸೇರಿರಬಹುದು, ಜಂತುಹುಳು ಇರಬಹುದು, ಯಾರಾದರೂ ಮಗುವಿಗೆ ಕೇಡು ಮಾಡಿರಲೂಬಹುದು. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿಯಿರಲಿ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕೆಂದು ಕಾನೂನಿದೆ. ಮೊದಲು ಪೊಲೀಸ್ ದೂರು ಕೊಟ್ಟು ಬನ್ನಿ ಎಂದು ಕಳಿಸುವಂತಿಲ್ಲ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಗರ್ಭ ನಿಲ್ಲದಂತೆ ತಡೆಯುವ ಮಾತ್ರೆಯೂ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ಮೆಡಿಕಲ್ ಸ್ಟೋರಿನಲ್ಲಿ "ಬಿಳಿಸೆರಗಿಗೆ ಏನಾದ್ರೂ ಕೊಡಿ" ಎಂದರೆ ಮೂರು ಬಗೆಯ ಮಾತ್ರೆಗಳ ಒಂದು ಕಿಟ್ ಕೊಡುತ್ತಾರೆ. ಅದರಲ್ಲಿರುವ ಔಷಧಗಳು ಕೆಟ್ಟವಲ್ಲ, ಆದರೆ ಯಾವ ಸೋಂಕೆಂದು ತಿಳಿಯದೆ ನುಂಗಿದರೆ ರೋಗ ಅರ್ಧ ಉಳಿಯುತ್ತದೆ, ರೋಗಾಣು ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಅದರಲ್ಲಿರುವ ಫ್ಲುಕೊನಜೋಲ್ ಎಂಬ ಮಾತ್ರೆ ಬಸುರಿಯರಿಗೆ ಸಲ್ಲದು. ತುರಿಕೆಗೆಂದು ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ಹಾಯೆನಿಸಿ ಫಂಗಸ್ಸನ್ನು ಬೆಳೆಸುತ್ತದೆ, ಚರ್ಮವನ್ನು ತೆಳುವಾಗಿಸುತ್ತದೆ. ಸೋಪು, ಡೆಟಾಲ್, ಸುಗಂಧದ ದ್ರವ ಯಾವುದನ್ನೂ ಯೋನಿಯ ಒಳಗೆ ಹಾಕಿ ತೊಳೆಯಬೇಡಿ. ಒಳ್ಳೆಯ ಬ್ಯಾಕ್ಟೀರಿಯಾಗಳು ಕೊಚ್ಚಿಹೋಗುತ್ತವೆ. ಹೊರಭಾಗಕ್ಕೆ ಬರೀ ನೀರು ಸಾಕು. ಹತ್ತಿಯ ಒಳಉಡುಪು, ಬಿಸಿಲಲ್ಲಿ ಒಣಗಿದ ಬಟ್ಟೆ, ಹೊತ್ತಿಗೆ ಸರಿಯಾಗಿ ಪ್ಯಾಡ್ ಬದಲಾವಣೆ ಇರಲಿ. ಗಾರ್ಮೆಂಟ್ಸ್‌ನಲ್ಲಿ, ಬೀದಿ ಗುಡಿಸುವ ಕೆಲಸದಲ್ಲಿ ಶೌಚಾಲಯಕ್ಕೆ ಬಿಡುವಿಲ್ಲದೆ ಮೂತ್ರ ಕಟ್ಟಿಕೊಳ್ಳುವ, ಒದ್ದೆ ಪ್ಯಾಡ್‌ನಲ್ಲೇ ದಿನ ಕಳೆಯುವ ಹೆಣ್ಣುಮಕ್ಕಳಿಗೆ ಈ ಬುದ್ಧಿವಾದ ಸಾಲದು. ಅವರಿಗೆ ಶುಚಿಯಾದ ಶೌಚಾಲಯವನ್ನೂ ಬಿಡುವನ್ನೂ ಕೊಡುವುದು ಕೆಲಸ ಕೊಟ್ಟವರ ಹೊಣೆ.

ಇನ್ನೊಂದು ಎಚ್ಚರಿಕೆ, ನಮ್ಮದೇ ರಾಜ್ಯದ ನೋವಿನ ಅನುಭವದಿಂದ. ಕಲಬುರಗಿ ಜಿಲ್ಲೆಯಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗುತ್ತಿದೆ ಎಂಬ ದೂರು ಬಂದು 2015ರಲ್ಲಿ ಆರೋಗ್ಯ ಇಲಾಖೆ ತನಿಖೆ ನಡೆಸಿದಾಗ, 30 ತಿಂಗಳಲ್ಲಿ 2,258 ಮಹಿಳೆಯರಿಗೆ ಆ ಶಸ್ತ್ರಚಿಕಿತ್ಸೆ ಆಗಿದ್ದು ತಿಳಿಯಿತು. ಅವರಲ್ಲಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಬಡ ಹೆಂಗಸರು ಬಹಳ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರ್ ಆದೀತೆಂಬ ಭಯ ಹುಟ್ಟಿಸಲಾಗಿತ್ತು. ಬೇರೆ ರಾಜ್ಯಗಳ ಇಂಥದೇ ದೂರುಗಳ ಮೇಲೆ 2023ರಲ್ಲಿ ಸುಪ್ರೀಂ ಕೋರ್ಟ್ ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆದೇಶಿಸಿತು. ನೆನಪಿಡಿ, ಬಿಳಿಸೆರಗೊಂದಕ್ಕೇ ಗರ್ಭಕೋಶ ತೆಗೆಯುವ ಚಿಕಿತ್ಸೆ ಇಲ್ಲ. ಯಾರಾದರೂ ಹಾಗೆ ಹೇಳಿದರೆ ಬಯಾಪ್ಸಿ ವರದಿ ಎಲ್ಲಿ ಎಂದು ಕೇಳಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಅಂಡಾಶಯವನ್ನೂ ಕಳೆದುಕೊಂಡವರಿಗೆ ಮೂಳೆ ಸವೆತ, ಹೃದಯದ ತೊಂದರೆ ಬೇಗ ಬರುತ್ತವೆ.

ವೈದ್ಯರ ಬಳಿ ಏನು ಮಾಡುತ್ತಾರೋ ಎಂಬ ಭಯದಿಂದಲೇ ಹಲವರು ಹಿಂದೆ ಸರಿಯುತ್ತಾರೆ. ಮೊದಲು ಪ್ರಶ್ನೆಗಳು: ಎಂದಿನಿಂದ, ಯಾವ ಬಣ್ಣ, ಕೊನೆಯ ಮುಟ್ಟು ಯಾವಾಗ. ನಂತರ ಸ್ಪೆಕ್ಯುಲಮ್ ಎಂಬ ಉಪಕರಣದಿಂದ ಒಳಗೆ ನೋಡಿ, ಹತ್ತಿಕಡ್ಡಿಯಲ್ಲಿ ಸ್ರಾವದ ಮಾದರಿ ತೆಗೆಯುತ್ತಾರೆ. ಕೆಲವೇ ನಿಮಿಷದ ಕೆಲಸ. ಮೈ ಸಡಿಲ ಬಿಟ್ಟರೆ ನೋವು ಅಷ್ಟಾಗಿ ಇರದು. ಮದುವೆಯಾಗದ ಹುಡುಗಿಯರು ಸ್ಪೆಕ್ಯುಲಮ್ ಬೇಡ ಎನ್ನಬಹುದು, ಹೊರಗಿನ ಪರೀಕ್ಷೆಯಿಂದಲೂ ಎಷ್ಟೋ ತಿಳಿಯುತ್ತದೆ. ಪಕ್ಕದಲ್ಲಿ ಮಹಿಳಾ ಸಿಬ್ಬಂದಿ ಇರಲಿ, ಪರದೆ ಎಳೆಯಿರಿ, ಅತ್ತೆಯವರೋ ಗಂಡನೋ ಸ್ವಲ್ಪ ಹೊರಗಿರಲಿ ಎಂದು ಕೇಳುವ ಹಕ್ಕು ನಿಮಗಿದೆ.

ಎಲ್ಲಿಗೆ ಹೋಗಬೇಕು? ನಾಗರಬಾವಿ, ಚಂದ್ರಾ ಬಡಾವಣೆ, ವಿಜಯನಗರ, ಕೆಂಗೇರಿ ಕಡೆಯವರು ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, 2022ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ ಶುರುವಾದ ಸರ್ಕಾರಿ 'ನಮ್ಮ ಕ್ಲಿನಿಕ್'ಗೋ ಮೊದಲು ಹೋಗಿ. ಅಲ್ಲಿಂದ ಅಗತ್ಯವಿದ್ದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಗಾರ್ಮೆಂಟ್ಸ್ ಕೆಲಸದವರ ಸಂಬಳದಿಂದ ಇಎಸ್‌ಐಗೆ ಹಣ ಕಟ್ಟಾಗುತ್ತದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇರುವುದೇ ಅವರಿಗಾಗಿ, ಇಎಸ್‌ಐ ಕಾರ್ಡು ಬೀರುವಿನಲ್ಲಿ ಕೂರುವುದು ಬೇಡ. ಕೆ.ಆರ್. ಮಾರುಕಟ್ಟೆ ಬಳಿಯ ವಾಣಿವಿಲಾಸ ಆಸ್ಪತ್ರೆ 1935ರಿಂದ ಹೆಂಗಸರಿಗೂ ಮಕ್ಕಳಿಗೂ ಚಿಕಿತ್ಸೆ ಕೊಡುತ್ತಾ ಬಂದಿದೆ. ಕ್ಯಾನ್ಸರ್ ಸಂಶಯವಿದ್ದರೆ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆ ಇದೆ. ಲೈಂಗಿಕ ಸೋಂಕುಗಳಿಗೆ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಉಚಿತ ಚಿಕಿತ್ಸೆ ಸಿಗುತ್ತದೆ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ ಕೇಳಿ.

ಕನ್ನಡದಲ್ಲಿ ಈ ಮಾತುಗಳನ್ನು ನಾಚಿಕೆಯಿಲ್ಲದೆ ಬರೆದು ತೋರಿಸಿದವರು ವೈದ್ಯೆ, ಕಾದಂಬರಿಕಾರ್ತಿ ಡಾ. ಅನುಪಮಾ ನಿರಂಜನ. ಅವರ 'ವಧುವಿಗೆ ಕಿವಿಮಾತು', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಪುಸ್ತಕಗಳನ್ನು ನಮ್ಮ ಅಮ್ಮಂದಿರು ಓದಿದ್ದಾರೆ. ಪುಸ್ತಕದಲ್ಲಿ ಓದಿದ್ದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವುದು ಈಗ ನಮ್ಮ ಪಾಲಿನ ಕೆಲಸ. ತಾಯಂದಿರೇ, ಮಗಳಿಗೆ ಸಹಜ ಯಾವುದು, ಅಲ್ಲದ್ದು ಯಾವುದು ಎಂದು ಇವತ್ತೇ ಹೇಳಿಕೊಡಿ. ಸೊಸೆಯಂದಿರೇ, ಅತ್ತೆಯವರು ರಕ್ತ ಕಂಡಿತೆಂದರೆ ಕೂಡಲೇ ಕರೆದುಕೊಂಡು ಹೋಗಿ. ಗಂಡಂದಿರೇ, ನಿಮಗೂ ಔಷಧ ಬೇಕೆಂದು ವೈದ್ಯರು ಹೇಳಿದರೆ ಪೂರ್ತಿ ತೆಗೆದುಕೊಳ್ಳಿ. ಬಣ್ಣ, ವಾಸನೆ, ತುರಿಕೆ, ನೋವು, ರಕ್ತ, ಗಂಟು, ಇವುಗಳಲ್ಲಿ ಯಾವುದು ಬದಲಾದರೂ ಒಂದು ವಾರಕ್ಕಿಂತ ಹೆಚ್ಚು ಕಾಯಬೇಡಿ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.